ಬೆರಳಿಗೆ ಸಿಗುವ ಗೆರೆ

ಅಕ್ಕನನ್ನು ಗಣಿತದ ತರಗತಿಯಿಂದ ಬಿಡಿಸಿ ಶಾಲೆಯ ಗ್ರಂಥಾಲಯದಲ್ಲಿ ಕೂರಿಸುವ ಮಾತು ಶುರುವಾದಾಗ ನನ್ನ ಯಂತ್ರ ಇನ್ನೂ ಒಂದು ಗೆರೆಯನ್ನೂ ನೆಟ್ಟಗೆ ಕೊರೆಯುತ್ತಿರಲಿಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಚಾಮರಾಜನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತ್ರಜ್ಞ. ಹಗಲೆಲ್ಲ ಸತ್ತ ಲೈನುಗಳನ್ನು ಎಬ್ಬಿಸುವ ಕೆಲಸ. ಸಂಜೆ ಮತ್ತು ಭಾನುವಾರ ಹರದನಹಳ್ಳಿಯ ನಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಮರಗೆಲಸ. ಅದು ನಮ್ಮ ಮನೆತನದ ಕಸುಬಲ್ಲ, ನನ್ನೊಬ್ಬನ ಹುಚ್ಚು. ಸ್ಟೂಲು, ಮಣೆ, ಪುಸ್ತಕದ ಗೂಡು ಮಾಡುತ್ತ ಇದ್ದವನಿಗೆ ಸಿಎನ್‌ಸಿ ಯಂತ್ರದ ಚಿತ್ರವೊಂದು ಸೈಬರ್ ಕೆಫೆಯಲ್ಲಿ ಕಣ್ಣಿಗೆ ಬಿತ್ತು. ನಾವು ಅಂಕಿಗಳಲ್ಲಿ ಬರೆದುಕೊಟ್ಟ ದಾರಿಯನ್ನು ಹಿಡಿದು ತಾನೇ ಆಚೀಚೆ ಚಲಿಸಿ ಮರ ಕೊರೆಯುವ ಯಂತ್ರ. ಕಾರ್ಖಾನೆಯದನ್ನು ಕೊಳ್ಳುವ ಮಾತೇ ಇರಲಿಲ್ಲ. ನಾನೇ ಕಟ್ಟಲು ಕೂತೆ. ಬೆಂಗಳೂರಿನ ಗುಜರಿ ಬೀದಿಯಲ್ಲಿ ಹುಡುಕಿದ ಮೋಟಾರುಗಳು, ಹಳೆಯ ಕಂಪ್ಯೂಟರು, ಅದರ ಪ್ರಿಂಟರ್ ತೂತಿನಿಂದ ಹೊರಟ ತಂತಿಗಳು, ನಾನೇ ಬೆಸುಗೆ ಹಾಕಿದ ಸರ್ಕ್ಯೂಟು. ಮರದ ಮೇಜಿನ ಮೇಲೆ ಎರಡು ಉಕ್ಕಿನ ಕೊಳವೆ, ಅವುಗಳ ಮೇಲೆ ಜಾರುವ ಚೌಕಟ್ಟು. ಚೌಕಟ್ಟಿಗೆ ಕಟ್ಟಿದ ರೌಟರ್, ಎಂದರೆ ಬೆರಳುದ್ದದ ಕೊರೆಗತ್ತಿಯನ್ನು ಭರ್ರೆಂದು ತಿರುಗಿಸುವ ಕೈಯಂತ್ರ.

ಊರಿನ ಬಡಗಿ ಆಚಾರ್ರು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, “ಕಂಪ್ಯೂಟ್ರು ಮರ ಕೆತ್ತದಂತೆ ಕಣ್ಲಾ! ನಾಳೆ ನಮ್ಮ ಉಳಿಗೆಲ್ಲ ಟೈಪಿಂಗ್ ಕಲಿಸ್ಬೇಕು ಬುಡು” ಎಂದು ನಕ್ಕು ಹೋಗಿದ್ದರು. ಆ ಹೊತ್ತಿಗೆ ಯಂತ್ರ ಕೆತ್ತಿದ್ದು ಬಾಗಿಲಿಗೆ ಹಾಕುವ ಒಂದು ಹೆಸರಿನ ಹಲಗೆ. ಅದರಲ್ಲೂ ಒತ್ತಕ್ಷರ ಸೊಟ್ಟಗಿತ್ತು.

ಅಕ್ಕ ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಡಮ್ಮು. ಭಾವ ಕೇರಳಕ್ಕೆ ತರಕಾರಿ ಲಾರಿ ಹೊಡೆಯುತ್ತಿದ್ದರು, ವಾರದಲ್ಲಿ ಅರ್ಧಕ್ಕರ್ಧ ದಿನ ಮನೆಯಲ್ಲಿರುತ್ತಿರಲಿಲ್ಲ. ಅಕ್ಕನಿಗೆ ಚಿಕ್ಕಂದಿನಿಂದ ಇರುಳುಗಣ್ಣು. ಮೂವತ್ತು ದಾಟಿದ ಮೇಲೆ ಹಗಲೂ ಕಿರಿದಾಗತೊಡಗಿತು. ಬಿದಿರಿನ ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಬೆಳಕು, ಸುತ್ತ ಮಂಜು. ಇದಕ್ಕೆ ಔಷಧಿ ಇಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ ದಿನ ಅಕ್ಕ ವಾಪಸು ಬಂದು ಮಾಮೂಲಿನಂತೆ ಮಕ್ಕಳ ಉತ್ತರ ಪತ್ರಿಕೆ ತಿದ್ದಿದಳು, ಕಾಗದವನ್ನು ಮೂಗಿಗೆ ತಾಗಿಸಿಕೊಂಡು.

ಕೆಲವು ವರ್ಷ ಹೀಗೇ ನಡೆಯಿತು. ಲೆಕ್ಕ ಅವಳ ತಲೆಯಲ್ಲೇ ಇತ್ತು. ಬೀಜಗಣಿತವನ್ನು ಬಾಯಲ್ಲೇ ಹೇಳಿ ಮಕ್ಕಳಿಂದ ಬೋರ್ಡಿನ ಮೇಲೆ ಬರೆಸುತ್ತಿದ್ದಳು. ತೊಡಕಾದದ್ದು ರೇಖಾಗಣಿತ. ಒಂದು ದಿನ ತ್ರಿಭುಜ ಬರೆಯುವಾಗ ಮೂರನೆಯ ಗೆರೆ ಮೊದಲನೆಯದನ್ನು ಮುಟ್ಟದೆ ಗೇಣುದೂರದಲ್ಲಿ ನಿಂತುಹೋಯಿತು. ಒಬ್ಬಳು ಹುಡುಗಿ ಸದ್ದಿಲ್ಲದೆ ಎದ್ದುಬಂದು ಗೆರೆಯನ್ನು ಕೂಡಿಸಿ ಕೂತಳಂತೆ. ಯಾರೂ ನಗಲಿಲ್ಲ. ಅದೇ ಅಕ್ಕನಿಗೆ ಚುಚ್ಚಿದ್ದು.

ವಿಷಯ ಮುಖ್ಯೋಪಾಧ್ಯಾಯರಿಗೆ ಹೋಯಿತು. ಅವರು ಕೆಟ್ಟವರಲ್ಲ. ಕುರ್ಚಿ ಎಳೆದು ಕೂರಿಸಿ ಹೇಳಿದ್ದರಂತೆ: “ಕೆಲಸಕ್ಕೇನೂ ತೊಂದರೆ ಆಗಲ್ಲಮ್ಮ, ಕಾನೂನೇ ಇದೆ. ಸಂಬಳ ಬರುತ್ತೆ, ಹೆಸರೂ ಇರುತ್ತೆ. ಲೈಬ್ರರಿಯಲ್ಲಿ ಆರಾಮಾಗಿ ಕೂತ್ಕೊಳಿ. ಮಕ್ಕಳಿಗೆ ಬೇರೆಯವರು ಪಾಠ ಮಾಡ್ತಾರೆ.” ಅಕ್ಕ ಒಪ್ಪದಿದ್ದಾಗ ಒಂದು ಮಾತು ಕೊಟ್ಟರು. ದಸರಾ ರಜೆ ಕಳೆದ ಮೇಲೆ ಗಣಿತದ ವಿಷಯ ಪರಿವೀಕ್ಷಕರು ಶಾಲೆಗೆ ಬರುತ್ತಾರೆ. ಅಕ್ಕನ ರೇಖಾಗಣಿತದ ಪಾಠ ನೋಡಿ ಅವರೇನು ಹೇಳುತ್ತಾರೋ ಅದೇ ಆಗಲಿ.

ಆ ಭಾನುವಾರ ಅಕ್ಕ ಹರದನಹಳ್ಳಿಗೆ ಬಂದಳು. ನೇರ ಶೆಡ್ಡಿಗೆ ನಡೆದು ಯಂತ್ರದ ಮೇಲೆ ಕೈಯಾಡಿಸಿದಳು. ಕೊಳವೆ, ಸ್ಕ್ರೂ, ಮೋಟಾರು ಎಲ್ಲವನ್ನೂ ಮುಟ್ಟಿನೋಡಿ, “ಇದು ಏನ್ ಮಾಡ್ತದ?” ಎಂದಳು.

“ಹೆಸರು ಕೆತ್ತದ.”

“ಹೆಸರು ಯಾರಿಗ್ ಬೇಕ್ಲಾ? ತ್ರಿಭುಜ ಕೆತ್ತದಾ?”

ಅವಳ ಯೋಜನೆ ಸರಳವಾಗಿತ್ತು. ಸ್ಲೇಟಿನಷ್ಟಗಲದ ಹಲಗೆಯ ಮೇಲೆ ಪಾಠದ ಚಿತ್ರ ಇರಬೇಕು. ಅದನ್ನು ಬೆರಳಿನಿಂದ ಓದುತ್ತ ಅವಳು ಪಾಠ ಹೇಳುತ್ತಾಳೆ. ಬೋರ್ಡಿನ ಮೇಲೆ ಅದೇ ಚಿತ್ರವನ್ನು ಮಕ್ಕಳಲ್ಲೊಬ್ಬರು ಬರೆಯುತ್ತಾರೆ. ಬಿಂದುಗಳನ್ನು ಗುರುತಿಸಲು ಒಂದು ಚುಕ್ಕೆ, ಎರಡು ಚುಕ್ಕೆ, ಮೂರು ಚುಕ್ಕೆ. “ಬ್ರೈಲ್ ನಂಗಿನ್ನೂ ಬರಲ್ಲ, ಕಲ್ತ್ಕೋತೀನಿ. ಅಲ್ಲೀಗಂಟ ಚುಕ್ಕೆ ಸಾಕು” ಎಂದಳು.

ನನಗಾಗ ಹೆಮ್ಮೆಯೇ ಆಯಿತು. ಯಂತ್ರಕ್ಕೆ ಕೊನೆಗೂ ಕೆಲಸ ಸಿಕ್ಕಿತ್ತು.

ಮೊದಲ ಹಲಗೆಗಳನ್ನು ತೇಗದಲ್ಲಿ ಮಾಡಿದೆ. ಸಮಾಂತರ ರೇಖೆಗಳು, ಅವನ್ನು ಕತ್ತರಿಸುವ ಛೇದಕ, ಲಂಬಕೋನ ತ್ರಿಭುಜ, ವೃತ್ತ ಮತ್ತು ಸ್ಪರ್ಶಕ. ಯಂತ್ರಕ್ಕೆ ಕೊಡುವ ಸಾಲುಗಳನ್ನು ಕೈಯಲ್ಲೇ ಬರೆಯುತ್ತಿದ್ದೆ. ‘ಜಿ ಒಂದು’ ಎಂದರೆ ನೇರ ಹೋಗು, ‘ಜಿ ಎರಡು’ ಎಂದರೆ ಬಲಕ್ಕೆ ಸುತ್ತು ಹೊಡಿ. ಚೂಪುಮೂತಿಯ ಕತ್ತಿ ಮರದೊಳಗೆ ಇಳಿದು ಸಣ್ಣ ಕಾಲುವೆ ತೆಗೆದು ಮೇಲೇಳುತ್ತಿತ್ತು. ಸ್ಕ್ರೂಗಳನ್ನು ಮತ್ತೆ ಮತ್ತೆ ನೇರ ಮಾಡಿ, ಚೌಕಟ್ಟಿನ ಅಲುಗಾಟ ನಿಲ್ಲಿಸಿದ ಮೇಲೆ ಗೆರೆಗಳು ನೆಟ್ಟಗಾದವು. ನೋಡಲು ಬಲು ಚೆಂದ. ಎಣ್ಣೆ ಹಚ್ಚಿ ಹೊಳೆಯಿಸಿ, ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಒಯ್ದೆ.

ಅಕ್ಕ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದಳು. ಮುಖ ಗಂಟಾಯಿತು.

“ಇದೇನ್ಲಾ ಚರಂಡಿ ತೋಡ್ಬುಟ್ಟಿದ್ದೀಯ! ಗೆರೆ ಎಲ್ಲದ?”

“ಅದೇ ಗೆರೆ ಕಣಕ್ಕ.”

“ನಿನ್ ಕಣ್ಣಿಗೆ ಗೆರೆ. ನನ್ ಬೆರಳು ಗುಂಡಿಗೆ ಬಿದ್ದೋಗ್ತದ. ಎರಡು ಗೆರೆ ಸೇರೋ ಕಡೆ ಯಾವ್ದು ಎತ್ತ ಹೋಯ್ತು ಅಂತ್ಲೇ ಗೊತ್ತಾಗಲ್ಲ.” ಅಷ್ಟರಲ್ಲಿ ತೇಗದ ಸಿಬಿರೊಂದು ಅವಳ ತೋರುಬೆರಳಿಗೆ ಚುಚ್ಚಿತು. ಅವಳು ಹಲಗೆಯನ್ನು ನನ್ನ ಕಡೆ ತಳ್ಳಿದಳು. “ಎತ್ಕೊಂಡೋಗು. ಗೆರೆ ಎದ್ದು ನಿಂತಿರ್ಬೇಕು. ಬೆರಳು ಅದರ ಮೇಲೆ ನಡೀಬೇಕು.”

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಿಟ್ಟೇ ಬಂದಿತ್ತು. ಗೆರೆ ಎದ್ದು ನಿಲ್ಲಬೇಕೆಂದರೆ ಗೆರೆಯೊಂದನ್ನು ಬಿಟ್ಟು ಉಳಿದ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ಕೈಯಳತೆಯಷ್ಟು ಕಾಲುವೆ ತೋಡುವ ಬದಲು ಇಡೀ ಹಲಗೆಯ ಮೈ ಸುಲಿಯಬೇಕು. ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿದ್ದದ್ದು ಅರ್ಧ ದಿನದ ಕೆಲಸವಾಗುತ್ತದೆ. ಗೆರೆಗಳು ಕೂಡುವ ಮೂಲೆ ಚೂಪಾಗಿರಲು ಕಡ್ಡಿಯಂಥ ಸಣ್ಣ ಕತ್ತಿಯೇ ಬೇಕು. ಅದನ್ನು ಮೆಲ್ಲಗೆ ನಡೆಸದಿದ್ದರೆ ಪಟ್ಟನೆ ಮುರಿಯುತ್ತದೆ. ಆದರೆ ಶೆಡ್ಡಿಗೆ ಬಂದು ದೀಪ ಆರಿಸಿ, ಕಣ್ಣು ಮುಚ್ಚಿ ನಾನೇ ಆ ಹಲಗೆ ಮುಟ್ಟಿದೆ. ಸ್ಪರ್ಶಕ ಯಾವುದು, ವೃತ್ತ ಯಾವುದು, ನನಗೇ ತಿಳಿಯಲಿಲ್ಲ. ಕೆತ್ತಿದ್ದೆಲ್ಲವನ್ನೂ ಮೂಲೆಗಿಟ್ಟು ಮೊದಲಿನಿಂದ ಶುರು ಮಾಡಿದೆ.

ಮರವೂ ಬದಲಾಗಬೇಕಿತ್ತು. ತೇಗ ಸಿಬಿರೇಳುತ್ತಿತ್ತು, ಸಿಲ್ವರ್ ಓಕ್ ಉಣ್ಣೆಯಂತೆ ಜುಂಗೇಳುತ್ತಿತ್ತು. ಆಚಾರ್ರ ಕೊಟ್ಟಿಗೆಯಲ್ಲಿ ಚೆನ್ನೆಮಣೆ ಮಾಡಲೆಂದು ಇಟ್ಟ ಹಾಲೆ ಮರದ ಒಣಹಲಗೆಗಳಿದ್ದವು. ಬಿಳಿ ಮರ, ನುಣುಪು ಎಳೆ, ಬೊಂಬೆ ಮಾಡುವ ಜಾತಿ. ಕೇಳಿದೆ.

“ಆ ಮಿಷನ್ನಿನ ಬಾಯಿಗೆ ಆಲೆ ಮರ ಆಕದಾ? ಕೊಡಕ್ಕಿಲ್ಲ ಓಗು” ಎಂದರು ಆಚಾರ್ರು. ಯಾರಿಗೆ, ಯಾಕೆ ಎಂದು ಹೇಳಿದೆ. “ಉಳೀಲಿ ಕೆತ್ತಿ ನಾನೇ ಕೊಡ್ತೀನಲ್ಲ, ಮಿಷನ್ನ್ಯಾಕೆ?” ಎಂದರು. ಕೆತ್ತಿಯೂ ಕೊಟ್ಟರು, ಒಂದು ತ್ರಿಭುಜ. ಅಂಚಿನಲ್ಲಿ ಬಳ್ಳಿ ಬೇರೆ! ಅಕ್ಕ ಅದನ್ನು ಮುಟ್ಟಿ ಬಾಯ್ತುಂಬ ಹೊಗಳಿದಳು, ಆಮೇಲೆ ನನಗೆ ಫೋನ್ ಮಾಡಿ, “ಎರಡು ಬಾಹು ಸಮ ಇರ್ಬೇಕಿತ್ತು ಕಣ, ಇಲ್ಲ. ಬಳ್ಳಿ ಚೆನ್ನಾಗದ” ಎಂದಳು. ಆ ಮಾತನ್ನು ನಾನು ಆಚಾರ್ರಿಗೆ ಮುಟ್ಟಿಸಲಿಲ್ಲ. ಮರ ಮಾತ್ರ ಸಿಕ್ಕಿತು.

ಹಾಲೆಯ ಮೇಲೆ ಎದ್ದು ನಿಂತ ಗೆರೆಗಳ ಮೊದಲ ಹಲಗೆಯನ್ನು ಅಕ್ಕನ ತೊಡೆಯ ಮೇಲಿಟ್ಟೆ. ಸಮಾಂತರ ರೇಖೆಗಳ ಮೇಲೆ ಎರಡು ಬೆರಳು ಒಟ್ಟಿಗೆ ನಡೆಸಿದಳು, ಛೇದಕದಲ್ಲಿ ತಿರುಗಿದಳು, ಕೋನಗಳನ್ನು ಒಂದೊಂದಾಗಿ ಹೆಸರಿಸಿದಳು. ಆಮೇಲೆ ವೃತ್ತದ ಹಲಗೆ ತೆಗೆದುಕೊಂಡಳು. ಒಂದು ಸುತ್ತು ಹೋದಳು, ಮತ್ತೊಂದು ಸುತ್ತು.

“ಇದು ವೃತ್ತ ಅಲ್ಲ.”

“ವೃತ್ತ ಅಲ್ಲದೆ ಇನ್ನೇನಕ್ಕ? ಕಂಪ್ಯೂಟರ್ ಬರೆದಿರೋದು.”

“ಕಂಪ್ಯೂಟ್ರಿಗೆ ಯೋಳು ಹೋಗು. ಮ್ಯಾಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ನಾಕ್ ಕಡೆ ಚಪ್ಪಟೆ ಅದ.”

ನಾನು ಒಪ್ಪಲಿಲ್ಲ. ಮನೆಗೆ ಬಂದು ವರ್ನಿಯರ್ ಹಿಡಿದು ಅಳೆದೆ. ಅವಳು ಹೇಳಿದ ನಾಲ್ಕು ಕಡೆಯಲ್ಲೂ ಕೂದಲೆಳೆಯಷ್ಟು ಚಪ್ಪಟೆ ಇತ್ತು. ಕಾರಣ ಹುಡುಕಲು ಸುಮಾರು ದಿನ ಹಿಡಿಯಿತು. ಚೌಕಟ್ಟನ್ನು ಎಳೆಯುವ ಉದ್ದ ಸ್ಕ್ರೂ ಮತ್ತು ಅದರ ನಟ್ಟಿನ ನಡುವೆ ಸ್ವಲ್ಪ ಸಡಿಲ. ಮೋಟಾರು ದಿಕ್ಕು ಬದಲಿಸಿದಾಗ ಸ್ಕ್ರೂ ತಿರುಗುತ್ತದೆ, ಆದರೆ ಸಡಿಲ ತುಂಬುವವರೆಗೆ ಚೌಕಟ್ಟು ನಿಂತಲ್ಲೇ ನಿಂತಿರುತ್ತದೆ. ವೃತ್ತದಲ್ಲಿ ದಿಕ್ಕು ಬದಲಾಗುವುದು ಆ ನಾಲ್ಕು ಜಾಗದಲ್ಲೇ. ಒಂದು ನಟ್ಟಿನ ಜಾಗದಲ್ಲಿ ಎರಡು ಹಾಕಿ, ನಡುವೆ ಬಿಗಿ ಸ್ಪ್ರಿಂಗು ಕೂರಿಸಿದೆ. ಎರಡೂ ನಟ್ಟು ಸ್ಕ್ರೂವನ್ನು ಎರಡು ಕಡೆಯಿಂದ ಅಮುಕಿ ಹಿಡಿದವು, ಸಡಿಲ ಹೋಯಿತು. ಹೊಸ ವೃತ್ತದ ಮೇಲೆ ಬೆರಳು ಸುತ್ತಿಸಿ ಅಕ್ಕ, “ಈಗ ಉಳ್ಳಾಡ್ತದ” ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ಇನ್ನು ಕರೆಂಟಿನ ಕಾಟ. ಹರದನಹಳ್ಳಿಯಲ್ಲಿ ಆಗ ಯಾವಾಗ ಹೋಗುತ್ತಿತ್ತು, ಯಾವಾಗ ಬರುತ್ತಿತ್ತು, ಹೇಳುವವರಿಲ್ಲ. ಹಲಗೆ ಮುಕ್ಕಾಲು ಮುಗಿದಿರುವಾಗ ಕರೆಂಟು ಹೋದರೆ ಯಂತ್ರ ತಾನು ಎಲ್ಲಿದ್ದೆ ಎಂಬುದನ್ನೇ ಮರೆಯುತ್ತಿತ್ತು. ಮತ್ತೆ ಹಚ್ಚಿದಾಗ ಪಕ್ಕಕ್ಕೆ ಸರಿದು ಎದ್ದ ಗೆರೆಗಳನ್ನೇ ಕೊಚ್ಚಿ ಹಾಕುತ್ತಿತ್ತು. ಹೀಗೆ ಒಳ್ಳೊಳ್ಳೆಯ ಹಲಗೆಗಳು ಹಾಳಾದ ಮೇಲೆ ಒಂದು ಯುಪಿಎಸ್ ತಂದು ಕಂಪ್ಯೂಟರಿಗೂ ಮೋಟಾರುಗಳಿಗೂ ಜೋಡಿಸಿದೆ. ರೌಟರಿನ ಭಾರ ಅದು ತಡೆಯುತ್ತಿರಲಿಲ್ಲ, ಅದನ್ನು ಬಿಟ್ಟೆ. ಕರೆಂಟು ಹೋದ ಕೂಡಲೇ ನಾನು ಕೀ ಒತ್ತಿ ಯಂತ್ರ ನಿಲ್ಲಿಸಿದರಾಯಿತು, ಜಾಗ ನೆನಪಿರುತ್ತದೆ ಎಂಬುದು ಲೆಕ್ಕ.

ರಜೆ ಮುಗಿಯುತ್ತ ಬಂತು. ಒಂದು ಮಧ್ಯಾಹ್ನ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಮುಖ್ಯೋಪಾಧ್ಯಾಯರು ಸಿಕ್ಕರು. ನನ್ನ ಕೈಚೀಲದ ಹಲಗೆಗಳನ್ನು ನೋಡಿ ಪಕ್ಕಕ್ಕೆ ಕರೆದರು.

“ನೀವಾದ್ರೂ ತಿಳಿಹೇಳಿ. ಪರಿವೀಕ್ಷಕರು ಕಟ್ಟುನಿಟ್ಟಿನ ಮನುಷ್ಯ. ಮಕ್ಕಳ ಮುಂದೆ ಮೇಡಂಗೆ ಅವಮಾನ ಆಗೋದು ನಂಗಿಷ್ಟ ಇಲ್ಲ. ಮರ್ಯಾದೆಯಾಗಿ ಲೈಬ್ರರಿ ಒಪ್ಕೊಂಡ್ರೆ...”

ಅವರ ದನಿಯಲ್ಲಿ ಕಪಟ ಇರಲಿಲ್ಲ. ಅದಕ್ಕೇ ನನಗೆ ಉರಿಯಿತು. ಬೈದವರಿಗೆ ಬಯ್ಯಬಹುದು, ಕರುಣೆ ತೋರಿಸಿದವರಿಗೆ ಏನು ಮಾಡುವುದು?

“ಸಾರ್, ಲಾಗ ಹೊಡೆದು ಬೀಳೋದಾದ್ರೆ ಅಕ್ಕ ತರಗತೀಲೇ ಬೀಳ್ತಾಳೆ. ಲೈಬ್ರರೀಲಿ ಕೂತ್ಕೊ ಅಂತ ನಾನು ಹೇಳಲ್ಲ. ನನ್ನ ಕೆಲಸ ಹಲಗೆ ಕೊಡೋದು, ಕೊಡ್ತೀನಿ.”

“ತಪ್ಪು ತಿಳ್ಕೋಬೇಡಿ.”

“ತಿಳ್ಕೊಂಡಿಲ್ಲ ಸಾರ್. ನೀವು ಪಾಠದ ದಿನ ಬಾಗಿಲು ತೆಗೆದಿಡಿ, ಅಷ್ಟು ಸಾಕು.”

ಪರಿವೀಕ್ಷಕರು ನೋಡಬೇಕಿದ್ದ ಪಾಠ ಚಕ್ರೀಯ ಚತುರ್ಭುಜ. ವೃತ್ತದ ಗೆರೆಯ ಮೇಲೆ ನಾಲ್ಕು ಬಿಂದು, ಅವನ್ನು ಸೇರಿಸಿದ ಚತುರ್ಭುಜ. ಅದರ ಎದುರು ಬದುರಿನ ಕೋನಗಳನ್ನು ಕೂಡಿದರೆ ನೂರೆಂಬತ್ತು ಡಿಗ್ರಿ. ಆ ದೊಡ್ಡ ಹಲಗೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಪಾಠದ ಹಿಂದಿನ ದಿನ ರಜೆ ಹಾಕಿ ಬೆಳಗ್ಗೆಯೇ ಯಂತ್ರ ಹಚ್ಚಿದೆ. ನನ್ನಲ್ಲಿದ್ದ ಸಣ್ಣ ಕತ್ತಿಗಳಲ್ಲಿ ಉಳಿದಿದ್ದು ಒಂದೇ.

ವೃತ್ತ ಎದ್ದು ನಿಂತಿತ್ತು. ಕತ್ತಿ ಒಳಗಿನ ಚತುರ್ಭುಜದ ಮೊದಲ ಬಾಹುವಿನ ಪಕ್ಕದಲ್ಲಿ ನಡೆಯುತ್ತಿತ್ತು. ಆಗ ಕರೆಂಟು ಹೋಯಿತು. ರೌಟರಿನ ಸದ್ದು ಇಳಿದು ನಿಂತಿತು. ಯುಪಿಎಸ್ಸಿನ ಮೇಲೆ ಮೋಟಾರುಗಳು ಮಾತ್ರ, ನಾನು ಕಲಿಸಿದ ಹಾಗೆಯೇ, ಚೌಕಟ್ಟನ್ನು ಮುಂದಕ್ಕೆ ತಳ್ಳುತ್ತಲೇ ಇದ್ದವು. ನಾನು ಕೀ ಮುಟ್ಟುವಷ್ಟರಲ್ಲಿ ತಿರುಗದೆ ನಿಂತ ಕತ್ತಿ ಮರಕ್ಕೆ ಒತ್ತಿ ಪಟ್ಟನೆ ಮುರಿಯಿತು. ನಾನು ಹುಡುಕಿದ ಪರಿಹಾರವೇ ಕತ್ತಿಯನ್ನು ತಿಂದಿತ್ತು.

ಅಂಥ ಕತ್ತಿ ಚಾಮರಾಜನಗರದಲ್ಲೂ ಇಲ್ಲ, ಮೈಸೂರಿನಲ್ಲೂ ಇಲ್ಲ. ಬೆಂಗಳೂರಿಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಶೆಡ್ಡಿನ ಹೊಸ್ತಿಲ ಮೇಲೆ ಕೂತೆ. ನಾಳೆ ಅಕ್ಕ ಅರ್ಧ ಚಿತ್ರ ಹಿಡಿದು ನಿಲ್ಲುವುದು ಕಣ್ಣಮುಂದೆ ಬಂತು. ಬೆಂಗಳೂರಿನ ಅಂಗಡಿಗೆ, ಕರೆಂಟಿನವರಿಗೆ, ನನಗೆ, ಮನಸ್ಸಿನಲ್ಲೇ ಒಂದೊಂದು ಬೈದೆ. ಆಮೇಲೆ ಎದ್ದು, ಇರುವುದೇನು ಎಂದು ಡಬ್ಬಿ ಸುರಿದು ನೋಡಿದೆ. ದಪ್ಪ ಕತ್ತಿಗಳು, ತೂತು ಕೊರೆಯುವ ಡ್ರಿಲ್ ಕಡ್ಡಿಗಳು. ಕಡ್ಡಿಗಳು ಬೇಕಾದಷ್ಟಿದ್ದವು.

ಗೆರೆ ಕೆತ್ತಲು ಆಗದಿದ್ದರೆ ಬೇಡ. ಬಿಂದು ಕೊರೆಯಬಹುದಲ್ಲ? ಬಿಂದು ಇದ್ದರೆ ಗೆರೆಯನ್ನು ದಾರದಲ್ಲಿ ಎಳೆಯಬಹುದು. ಚಿತ್ರ ನಾನು ಮಾಡಿಕೊಡುವ ಬದಲು ಅವಳೇ ಮಾಡಿಕೊಳ್ಳಲಿ.

ರೌಟರ್ ಬಿಚ್ಚಿ ಆ ಜಾಗಕ್ಕೆ ಕೈ ಡ್ರಿಲ್ಲನ್ನು ಕಟ್ಟಿದೆ. ಹೊಸ ಸಾಲುಗಳನ್ನು ಬರೆದೆ. ಹೊಸ ಹಲಗೆಯ ತುಂಬ ಒಂದೇ ಅಂತರದಲ್ಲಿ ಸಾಲು ಸಾಲು ತೂತು. ನಡುವೆ ಒತ್ತೊತ್ತಾಗಿ ತೂತುಗಳ ಒಂದು ದೊಡ್ಡ ವೃತ್ತ. ವೃತ್ತದ ತೂತುಗಳ ಬಾಯಿಗೆ ಒಂದು ಸಣ್ಣ ತಗ್ಗು, ಬೆರಳಿಗೆ ಬೇರೆಯಾಗಿ ಗೊತ್ತಾಗಲಿ ಎಂದು. ಕರೆಂಟು ಬಂತು. ಯಂತ್ರ ಕೋಳಿ ಕಾಳು ಕುಕ್ಕುವ ಹಾಗೆ ಒಂದಿಷ್ಟು ಇಳಿದು, ಪುಡಿ ಎತ್ತಿ ಹಾಕಿ, ಮತ್ತೆ ಇಳಿದು, ಪಕ್ಕಕ್ಕೆ ಸರಿಯತೊಡಗಿತು. ಈ ಸಲ ಪ್ರತಿ ತೂತಿನ ನಂತರ ತಾನೇ ಮೇಲೆದ್ದು ಕ್ಷಣ ನಿಲ್ಲುವಂತೆ ಬರೆದಿದ್ದೆ, ನಾನು ಕೀ ಒತ್ತಲು ಅಷ್ಟು ಸಾಕು. ಕರೆಂಟು ಹೋದರೆ ಹೋಗಲಿ. ಎರಡು ಸಲ ಹೋಯಿತು ಕೂಡ, ಏನೂ ಕೆಡಲಿಲ್ಲ.

ಸದ್ದು ಕೇಳಿ ಆಚಾರ್ರು ಬಂದರು. ತೂತುಗಳ ಸಾಲನ್ನು ಓರೆಗಣ್ಣಲ್ಲಿ ನೋಡಿ, “ಗೂಟಕ್ಕೆ ಏನ್ ಮಾಡೀಯೆ?” ಎಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. “ತೂತ ಮಿಷನ್ನು ಒಡೀಲಿ, ಗೂಟ ನಾ ಒಡೀತೀನಿ ಬುಡು” ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬಿದಿರು ಸೀಳಿದರು. ಒಂದೊಂದು ಗೂಟವೂ ಬಿಗಿಯಾಗಿ ಕೂತು, ಎಳೆದರೆ ಬರುವ ಹಾಗಿತ್ತು.

ಸಂಜೆಯ ಬಸ್ಸಿಗೆ ಗುಂಡ್ಲುಪೇಟೆ ತಲುಪಿದೆ. ಅಕ್ಕ ಹಲಗೆಯ ಮೇಲೆ ಅಂಗೈ ಸವರಿದಳು.

“ಇದ್ಯಾಕ್ಲಾ ಜರಡಿ ತಂದ್ಬುಟ್ಟಿದ್ದೀಯ?”

ನಡೆದದ್ದು ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಒಂದು ಗೂಟ ನೆಟ್ಟಳು, ಇನ್ನೊಂದು ನೆಟ್ಟಳು, ದಾರ ಸುತ್ತಿದಳು. ವ್ಯಾಸ. ಮೂರನೆಯ ಗೂಟ ವೃತ್ತದ ಮೇಲೆ ನೆಟ್ಟು ದಾರ ಎಳೆದಳು. ಅರ್ಧವೃತ್ತದೊಳಗಿನ ಲಂಬಕೋನ. ಆ ಗೂಟ ಕಿತ್ತು ಪಕ್ಕದ ತೂತಿಗೆ ಇಟ್ಟಳು, ಮತ್ತೆ ಕಿತ್ತು ಇನ್ನೂ ಆಚೆಗಿಟ್ಟಳು. ಪ್ರತಿ ಸಲವೂ ಮೂಲೆಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಊಟಕ್ಕೆ ಕರೆದರೆ ಕೇಳಿಸಿಕೊಳ್ಳಲಿಲ್ಲ.

“ಇಷ್ಟು ದಿನ ನೀನು ಬರೆದಿದ್ದ ನಾನು ಓದ್ತಿದ್ದೆ. ಇವತ್ತು ನಾನೇ ಬರೀತಿದ್ದೀನಿ ಕಣ” ಎಂದಳು. ಕೂಡಲೇ, “ದಾರ ಇನ್ನೂ ದಪ್ಪಗಿರ್ಬೇಕಿತ್ತು” ಎಂದು ಸೇರಿಸಿದಳು.

ಮರುದಿನ ಬೆಳಗ್ಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯ ಮಂಜು ಇನ್ನೂ ಕರಗಿರಲಿಲ್ಲ, ಪರಿವೀಕ್ಷಕರು ಬಂದೇಬಿಟ್ಟರು. ತೆಳ್ಳನೆಯ ಮೈ, ಇಸ್ತ್ರಿ ಅಂಗಿ, ಕಡಿಮೆ ಮಾತು. ಮುಖ್ಯೋಪಾಧ್ಯಾಯರು ಹತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ನನಗೂ ಜಾಗ ಕೊಟ್ಟರು.

ಅಕ್ಕ ಮೇಜಿನ ಮೇಲೆ ಹಲಗೆಯಿಟ್ಟುಕೊಂಡು ಪಾಠ ಶುರು ಮಾಡಿದಳು. ಮನೆಯ ಮಾತು ಮನೆಯಲ್ಲೇ ಬಿಟ್ಟು ಬಂದಿದ್ದಳು. ಇಲ್ಲಿ ಪುಸ್ತಕದ ಕನ್ನಡ. ಗೂಟ ನೆಡುತ್ತ, ದಾರ ಎಳೆಯುತ್ತ, “ಒಂದನೇ ಬಿಂದುವಿನಿಂದ ಮೂರನೇ ಬಿಂದುವಿಗೆ ಗೆರೆ ಎಳಿ” ಎಂದು ಬೋರ್ಡಿನ ಬಳಿಯಿದ್ದ ಹುಡುಗಿಗೆ ಹೇಳಿದಳು. ಹುಡುಗಿ ಎಳೆದಳು. ಸಾಧನೆ ಹಂತಹಂತವಾಗಿ ಮೇಲೇರಿ ನೂರೆಂಬತ್ತಕ್ಕೆ ಬಂದು ನಿಂತಿತು. ಎಲ್ಲೂ ತಡವರಿಸಲಿಲ್ಲ.

ಪರಿವೀಕ್ಷಕರು ಎದ್ದರು. “ಚೆನ್ನಾಗಿದೆ. ಆದರೆ ಇದು ಅಭ್ಯಾಸ ಮಾಡಿದ ಪಾಠ. ನಾಳೆ ಬೋರ್ಡಿನ ಮೇಲೆ ಮಗು ತಪ್ಪು ಬರೆದರೆ ನಿಮಗೆ ಹೇಗೆ ಗೊತ್ತಾಗುತ್ತೆ?” ಎಂದು ತಾವೇ ಚಾಕ್‌ಪೀಸು ತೆಗೆದುಕೊಂಡು ಬೋರ್ಡಿನ ಮೇಲೆ ಹೊಸದೊಂದು ವೃತ್ತ, ಅದರಲ್ಲೊಂದು ಚತುರ್ಭುಜ ಬರೆದರು. “ಇದರ ಅಭಿಮುಖ ಕೋನಗಳ ಮೊತ್ತ ಎಷ್ಟು?”

ಹಿಂದಿನ ಬೆಂಚಿನಿಂದ ನನಗೆ ಚಿತ್ರ ಕಾಣುತ್ತಿತ್ತು. ಮೂರು ಬಿಂದು ವೃತ್ತದ ಮೇಲಿದ್ದವು. ನಾಲ್ಕನೆಯದನ್ನು ಅವರು ಬೇಕೆಂದೇ ಒಳಗಿಟ್ಟಿದ್ದರು. ನನ್ನ ಬಾಯಿ ತೆರೆಯಿತು. ಮುಖ್ಯೋಪಾಧ್ಯಾಯರು ನನ್ನ ತೋಳು ಹಿಡಿದು ಅಮುಕಿದರು. ತಡೆಯಲೋ, ತಾವೇ ಹೆದರಿ ಹಿಡಿದರೋ ತಿಳಿಯಲಿಲ್ಲ.

ಅಕ್ಕ ಅವಸರ ಮಾಡಲಿಲ್ಲ. ಮಕ್ಕಳ ಕಡೆ ತಿರುಗಿದಳು.

“ಮೊದಲು ನೋಡಿ ಹೇಳಿ. ನಾಲ್ಕೂ ಬಿಂದು ವೃತ್ತದ ಮೇಲೇ ಇದಾವಾ?”

ಬೋರ್ಡಿನ ಬಳಿಯಿದ್ದ ಹುಡುಗಿ ಸಾಹೇಬರ ಮುಖ ನೋಡಿದಳು, ಬೋರ್ಡು ನೋಡಿದಳು. “ಇಲ್ಲ ಮಿಸ್. ಕೊನೇದು ಒಳಗದೆ.”

“ಎಲ್ಲಿ? ಕೇಂದ್ರಕ್ಕೆ ಹತ್ತಿರವೋ, ಗೆರೆಗೆ ಹತ್ತಿರವೋ?”

“ಗೆರೆ ಹತ್ರ ಮಿಸ್.”

ಅಕ್ಕ ಒಂದು ಗೂಟ ಕಿತ್ತು ಒಳಗಿನ ತೂತಿಗೆ ಸರಿಸಿದಳು. ದಾರವನ್ನು ಹೊಸದಾಗಿ ಬಿಗಿದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದಳು. “ಹಾಗಾದರೆ ಇದು ಚಕ್ರೀಯ ಚತುರ್ಭುಜ ಅಲ್ಲ. ನೂರೆಂಬತ್ತು ಅಂತ ಬರೆದವರಿಗೆ ಸೊನ್ನೆ. ಈ ಬಿಂದುವಿನ ಕೋನವನ್ನು ಅದರ ಎದುರಿನ ಕೋನಕ್ಕೆ ಕೂಡಿದರೆ ನೂರೆಂಬತ್ತಕ್ಕಿಂತ ಹೆಚ್ಚೇ ಬರುತ್ತೆ. ಯಾಕೆ ಹೆಚ್ಚು?” ದಾರವನ್ನು ಒಳಗಿನ ಗೂಟ ದಾಟಿಸಿ ವೃತ್ತದ ಗೆರೆಯವರೆಗೆ ಎಳೆದು ಅಲ್ಲೊಂದು ಗೂಟ ನೆಟ್ಟಳು. “ಈ ಬಾಹುವನ್ನು ಮುಂದಕ್ಕೆ ಬೆಳೆಸಿ ವೃತ್ತಕ್ಕೆ ಮುಟ್ಟಿಸಿ. ಈಗ ಒಂದು ಸಣ್ಣ ತ್ರಿಭುಜ ಬಂತಾ? ಅದರ ಬಾಹ್ಯಕೋನ ಯಾವುದು, ನೀವೇ ಹೇಳಿ.”

ಕೈಗಳು ಎದ್ದವು. ಎರಡು ಮೂರು ದನಿ ಒಟ್ಟಿಗೆ ಹೇಳತೊಡಗಿದವು. ಅಕ್ಕ ಗದರಿ ಒಬ್ಬರಿಂದಲೇ ಹೇಳಿಸಿದಳು. ಬಾಹ್ಯಕೋನ ಒಳಗಿನ ಎದುರುಕೋನಕ್ಕಿಂತ ದೊಡ್ಡದು, ಆದ್ದರಿಂದ ಮೊತ್ತ ಹೆಚ್ಚು. ಪರಿವೀಕ್ಷಕರ ಕೈಯಲ್ಲಿ ಚಾಕ್‌ಪೀಸು ಹಾಗೇ ಇತ್ತು. ಅದನ್ನು ಡಬ್ಬಿಗೆ ಹಾಕಿ ಮೇಜಿನ ಬಳಿ ಬಂದು ಹಲಗೆಯನ್ನು ಮುಟ್ಟಿದರು.

“ಇದನ್ನ ಯಾರು ಮಾಡಿದ್ದು?”

“ನನ್ನ ತಮ್ಮ. ಅವನ ಮಿಷನ್ನು” ಎಂದಳು ಅಕ್ಕ. “ಗೂಟ ಆಚಾರ್ರದು.”

ಬಾಗಿಲಲ್ಲಿ ನಿಂತು ಅವರು ಹೇಳಿದರು, “ಈ ವರ್ಷ ನೀವೇ ಮುಂದುವರಿಸಿ. ಆದರೆ ಕಣ್ಣು ಇನ್ನೂ ಕಡಿಮೆ ಆಗಬಹುದು. ಮುಂದಿನ ವರ್ಷ ಮತ್ತೆ ಬಂದು ನೋಡ್ತೀನಿ.”

“ಬನ್ನಿ ಸಾರ್” ಎಂದಳು ಅಕ್ಕ. “ಕಣ್ಣು ಕಡಿಮೆ ಆಗಿರುತ್ತೆ. ಪ್ರಮೇಯ ಬದಲಾಗಿರಲ್ಲ.”

ಆ ವರ್ಷವೆಲ್ಲ ನಾನು ತೂತಿನ ಹಲಗೆಗಳನ್ನೇ ಕೊರೆದೆ. ಒಂಬತ್ತನೆಯವರಿಗೆ, ಎಂಟನೆಯವರಿಗೆ, ಬೆಂಚಿಗೊಂದು. ಕಣ್ಣಿದ್ದ ಮಕ್ಕಳೂ ಅದರ ಮೇಲೆಯೇ ದಾರ ಕಟ್ಟಿ ಜಗಳವಾಡುತ್ತಿದ್ದರಂತೆ. ಅಕ್ಕನ ಕೊಳವೆಯ ಬೆಳಕು ಬೇಸಿಗೆಯ ಹೊತ್ತಿಗೆ ಪೂರ್ತಿ ಮುಚ್ಚಿಹೋಯಿತು. ಅವಳು ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಕೋಲು ಹಿಡಿದು ಮೊದಲ ಪೀರಿಯಡ್ಡಿಗೇ ಹೋದಳು.

ಮರುವರ್ಷ ನಡೆದದ್ದನ್ನು ಮುಖ್ಯೋಪಾಧ್ಯಾಯರೇ ನನಗೆ ಫೋನಿನಲ್ಲಿ ಹೇಳಿದರು, ನಡುನಡುವೆ ನಗು ತಡೆಯಲಾಗದೆ. ಪರಿವೀಕ್ಷಕರು ಹೇಳಿದ ಮಾತಿನಂತೆ ಬಂದರಂತೆ. ಪಾಠಕ್ಕೆ ಅಡ್ಡಿಯಾಗಬಾರದೆಂದು ಸುಮ್ಮನೆ ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತರಂತೆ. ಅಕ್ಕ ಪ್ರಶ್ನೆ ಕೇಳುತ್ತಿದ್ದಳು. ಬೆಂಚು ಕಿರುಗುಟ್ಟಿದ ಕಡೆ ಕತ್ತು ತಿರುಗಿಸಿ, “ಯಾರದು, ತಡವಾಗಿ ಬಂದು ಹಿಂದೆ ಕೂತವನು? ಎದ್ದು ನಿಂತು ಹೇಳು. ಚಕ್ರೀಯ ಚತುರ್ಭುಜದ ಅಭಿಮುಖ ಕೋನಗಳ ಮೊತ್ತ ಎಷ್ಟು?” ಎಂದಳಂತೆ.

ಮಕ್ಕಳೆಲ್ಲ ಹಿಂದೆ ತಿರುಗಿ ನೋಡಿದರಂತೆ. ಪರಿವೀಕ್ಷಕರು ಎದ್ದು ನಿಂತರು.

“ನೂರೆಂಬತ್ತು ಡಿಗ್ರಿ, ಮಿಸ್.”

“ಸರಿ. ಕೂತ್ಕೊ.”